ಪಣಂಬೂರಿನ ದೊಡ್ಡಜ್ಜ ಏನು ಕೆಲಸ ಮಾಡುತ್ತಿದ್ದರು?

ನಮ್ಮ ಕುಟುಂಬದ ಮನೆ ಇದ್ದದ್ದು ಪಣಂಬೂರಿನಲ್ಲಿ. ಈಗ ಅಲ್ಲಿ ನವಮಂಗಳೂರು ಬಂದರು ಇದೆ. ಗದ್ದೆ, ಬಾವಿ, ತೋಟ ಎಲ್ಲ ಅಗೆದು, ಕಡಲಿನ ನೀರು ಒಳಗೆ ತಂದು, ಹಡಗು ನಿಲ್ಲುವ ಜಾಗ ಮಾಡಿದರು. ಊರು ಬಿಟ್ಟವರಿಗೆ ಕಾಟಿಪಳ್ಳ, ಕೃಷ್ಣಾಪುರದ ಕಡೆ ಜಾಗ ಸಿಕ್ಕಿತು. ನಾನು ಹುಟ್ಟಿ ಬೆಳೆದದ್ದು ಕೃಷ್ಣಾಪುರದಲ್ಲೇ. ಹಿರಿಯರ ಮನೆ ನೋಡಬೇಕು ಅಂದರೆ ಹೋಗಿ ನಿಲ್ಲಲು ಒಂದು ಅಂಗಳವೂ ಉಳಿದಿಲ್ಲ. ಉಳಿದದ್ದು ಒಂದು ತಗಡಿನ ಪೆಟ್ಟಿಗೆ, ಒಂದು ಹಂಚು, ಮತ್ತೆ ನಮ್ಮ ಚಿಕ್ಕಜ್ಜಿ, ಅಂದರೆ ಅಜ್ಜಿಯ ತಂಗಿ.

ದೊಡ್ಡಜ್ಜ ಅಂದರೆ ನನ್ನ ಅಜ್ಜಿಯ ಸೋದರಮಾವ. ನಮ್ಮದು ಅಳಿಯಸಂತಾನ, ಕುಟುಂಬ ಹೆಣ್ಣಿನ ಕಡೆಯಿಂದ ನಡೆಯುವ ಪದ್ಧತಿ. ಹಾಗಾಗಿ ಮನೆಯ ಯಜಮಾನಿಕೆ ಅವರದ್ದು, ಅಜ್ಜಿಯ ತಂದೆಯದ್ದಲ್ಲ. ಅವರ ಬಗ್ಗೆ ಮನೆಯಲ್ಲಿ ಎರಡು ಮಾತು ಇತ್ತು. ಅಮ್ಮ ಹೇಳುವುದು ಅವರು ಹಂಚಿನ ಫ್ಯಾಕ್ಟರಿಯಲ್ಲಿ ಇದ್ದರು ಅಂತ. ಮಾವ ಹೇಳುವುದು ಅವರು ಗೇಣಿ ಬೇಸಾಯ ಮಾಡುತ್ತಿದ್ದರು ಅಂತ. ಯಾವುದು ಸರಿ ಅಂತ ನೋಡೋಣ ಎಂದು ಈ ಜೂನ್‌ನಲ್ಲಿ ಪೆಟ್ಟಿಗೆ ಇಳಿಸಿದೆ. ಐದು ತಿಂಗಳು ಹಿಡಿಯಿತು. ಏನೇನು ಮಾಡಿದೆ, ಎಲ್ಲಿ ಎಡವಿದೆ ಎಂದು ಬರೆದಿಡುತ್ತಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಪೆಟ್ಟಿಗೆ ಇರಬಹುದು, ಅಲ್ವಾ?

ಜೂನ್: ಪೆಟ್ಟಿಗೆ

ಒಳಗೆ ಇದ್ದದ್ದು ಇಷ್ಟು. ಎಂಟು ಮಡಿಕೆಯಾಗಿ ಮಡಚಿದ ಒಂದು ಛಾಪಾ ಕಾಗದ. ಹದಿನೇಳು ಗೇಣಿ ರಶೀದಿ. ಮುಂಬಯಿಯಿಂದ ಬಂದ ಮೂರು ಮನಿಯಾರ್ಡರ್ ಕೂಪನ್. ತಲೆ ಮುರಿದ ಒಂದು ಕತ್ತಿ, ಹಿಡಿ ಇಲ್ಲ. ಬೆಳ್ಳಿ ಬಣ್ಣದ ಸಣ್ಣ ಹುಳಗಳು ಧಾರಾಳ.

ಕತ್ತಿಯನ್ನು ಪಕ್ಕಕ್ಕಿಟ್ಟೆ. ಕಾಗದವೇ ಮುಖ್ಯ ಅಂತ ಅಂದುಕೊಂಡಿದ್ದೆ.

ಮೊದಲ ವಾರವೇ ಒಂದು ದೊಡ್ಡ ತಪ್ಪು ಮಾಡಿದೆ. ಮೂರು ರಶೀದಿ ತೆಗೆದುಕೊಂಡು ಹೋಗಿ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿದೆ. ಅಂಗಡಿಯವರ ತಪ್ಪು ಇಲ್ಲ, ಕೇಳಿದ್ದು ನಾನೇ. ಆ ರಶೀದಿಗಳನ್ನು ಬರೆದದ್ದು ಕಾಪಿಂಗ್ ಪೆನ್ಸಿಲಿನಲ್ಲಿ. ಒಣಗಿದ್ದಾಗ ಬೂದು ಬಣ್ಣ, ತೇವ ತಾಗಿದರೆ ನೇರಳೆ. ಮಳೆಗಾಲದ ಕಾಗದ, ಒಳಗೆ ತೇವ ಇದ್ದೇ ಇರುತ್ತದೆ. ಅದನ್ನು ಎರಡೂ ಕಡೆ ಪ್ಲಾಸ್ಟಿಕ್ ಹಾಕಿ ಮುಚ್ಚಿಬಿಟ್ಟೆ. ಜುಲೈ ಕೊನೆಗೆ ನೋಡಿದರೆ ಒಂದು ರಶೀದಿಯಲ್ಲಿ ಅಂಕೆಗಳ ಸುತ್ತ ನೇರಳೆ ಬಣ್ಣ ಹರಡಿತ್ತು. ಎಷ್ಟು ಮುಡಿ (ಅಕ್ಕಿಯ ಹಳೆ ಅಳತೆ) ಅಂತ ಓದಲು ಆಗುತ್ತಿಲ್ಲ. ಪ್ಲಾಸ್ಟಿಕ್ ಕಿತ್ತರೆ ಕಾಗದವೂ ಜೊತೆಗೆ ಬರುತ್ತದೆ. ಆ ಮೂರು ಹಾಳೆ ಹಾಗೇ ಹೋಯಿತು. ನನಗೆ ಈಗಲೂ ಸಂಕಟ ಆಗುತ್ತದೆ. ದಯವಿಟ್ಟು ಹಳೆ ಕಾಗದಕ್ಕೆ ಲ್ಯಾಮಿನೇಶನ್ ಬೇಡ, ಸೆಲ್ಲೊ ಟೇಪ್ ಬೇಡ. ಮೊದಲು ಫೋಟೋ ತೆಗೆಯಿರಿ, ಮಿಕ್ಕದ್ದು ಆಮೇಲೆ.

ಜುಲೈ: ಮಡಿಕೆ ಬಿಡಿಸಿದ್ದು

ಛಾಪಾ ಕಾಗದ ಶಾಯಿಯಲ್ಲಿ ಬರೆದದ್ದು, ಕಂದು ಬಣ್ಣಕ್ಕೆ ತಿರುಗಿದೆ. ಬಿಡಿಸಲು ಹೋದರೆ ಮಡಿಕೆಯಲ್ಲಿ ಚಟ್ ಅನ್ನುತ್ತದೆ. ಇದಕ್ಕೆ ನಮ್ಮ ಮಳೆಗಾಲವೇ ಉಪಕಾರ ಮಾಡಿತು. ರಶೀದಿ ಹಾಳು ಮಾಡಿದ ಅದೇ ತೇವ ಇಲ್ಲಿ ಕೆಲಸಕ್ಕೆ ಬಂತು. ಆಷಾಢದ ಜಡಿಮಳೆ ಹಿಡಿದ ನಾಲ್ಕು ದಿನ ಕಾಗದವನ್ನು ಒಂದು ಬಟ್ಟೆಯ ಮೇಲೆ, ಫ್ಯಾನ್ ಇಲ್ಲದ ಕೋಣೆಯಲ್ಲಿ ಸುಮ್ನೆ ಬಿಟ್ಟೆ. ನೀರು ಚಿಮುಕಿಸಲಿಲ್ಲ. ಗಾಳಿಯಲ್ಲಿದ್ದ ತೇವವನ್ನೇ ಹೀರಿಕೊಂಡು ಕಾಗದ ಮೆತ್ತಗಾಯಿತು. ದಿನಕ್ಕೆ ಎರಡು ಮಡಿಕೆಯಂತೆ ಬಿಡಿಸಿದೆ. ಆಮೇಲೆ ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು, ಮೇಲೆ ಹಲಗೆ, ಹಲಗೆಯ ಮೇಲೆ ಆ ಹಳೆ ಹಂಚು. ಬ್ಲಾಟಿಂಗ್ ಪೇಪರನ್ನು ದಿನಾ ಬದಲಾಯಿಸಬೇಕು. ಇಲ್ಲದಿದ್ದರೆ ಬೂಸರು ಹಿಡಿಯುತ್ತದೆ.

ಕಾಗದ ಪೂರ್ತಿ ತೆರೆದಾಗ ಗೊತ್ತಾಯಿತು, ಇದು ಚಾಲಗೇಣಿ ಚೀಟಿ. ಮೂಲಗೇಣಿ ಅಂದರೆ ಶಾಶ್ವತ ಗೇಣಿ. ಚಾಲಗೇಣಿ ಹಾಗಲ್ಲ, ವಾಯಿದೆ ಮುಗಿದರೆ ಧಣಿ ಬಿಡಿಸಬಹುದು. ವರ್ಷಕ್ಕೆ 6 ಮುಡಿ ಅಕ್ಕಿ ಗೇಣಿ. ಮುಡಿಗೆ 42 ಸೇರು, ಲೆಕ್ಕ ಹಾಕಿಕೊಳ್ಳಿ.

ತಾರೀಕಿನ ಜಾಗದಲ್ಲಿ ಇಸವಿ ಇಲ್ಲ. "ವಿಭವ ಸಂವತ್ಸರ" ಅಂತ ಮಾತ್ರ ಇದೆ, ತಿಂಗಳು ತುಳುವಿನ ಬೊಂತೆಲ್ (ಅಕ್ಟೋಬರ್-ನವೆಂಬರ್). ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ವಿಭವ ಅಂದರೆ 1868-69 ಆಗಬಹುದು, 1928-29 ಆಗಬಹುದು. ಛಾಪಾ ಕಾಗದ ಮಾರಿದವರ ಬರಹ ಹಿಂಬದಿಯಲ್ಲಿ ಇರುತ್ತದೆ, ಆದರೆ ಅದನ್ನು ಹುಳ ತಿಂದಿತ್ತು. ತೀರ್ಮಾನ ಸಿಕ್ಕಿದ್ದು ಮುಂಬದಿಯ ಮುದ್ರೆಯಲ್ಲಿ. ಅಲ್ಲಿರುವುದು ಗಡ್ಡ ಬಿಟ್ಟ ರಾಜನ ಮುಖ, ಐದನೇ ಜಾರ್ಜ್. ಅವನು ಪಟ್ಟಕ್ಕೆ ಬಂದದ್ದು 1910ರಲ್ಲಿ, ಸತ್ತದ್ದು 1936ರಲ್ಲಿ. 1868ರಲ್ಲಿ ಇದ್ದದ್ದು ವಿಕ್ಟೋರಿಯಾ ರಾಣಿ. ಹಾಗಾಗಿ ಇದು 1928. ನಿಮ್ಮ ಕಾಗದದಲ್ಲಿ ಬರೀ ಸಂವತ್ಸರ ಇದ್ದರೆ ಮುದ್ರೆಯ ಮುಖ ನೋಡಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಈಗ ಎರಡು ತಪ್ಪು ಓದಿನ ಕಥೆ. ಎರಡೂ ಈ ಒಂದೇ ಹಾಳೆಯಲ್ಲಿ.

ಮೊದಲನೆಯದು "ಅಳಿಯ". ಚೀಟಿಯಲ್ಲಿ ದೊಡ್ಡಜ್ಜನ ಹೆಸರಿನ ಹಿಂದೆ ಇನ್ನೊಬ್ಬರ ಹೆಸರು, ಆಮೇಲೆ "ಇವರ ಅಳಿಯ" ಅಂತ ಬರೆದಿದೆ. ನಾನು ಮಗಳ ಗಂಡ ಅಂತ ಓದಿದೆ. ದೊಡ್ಡಜ್ಜ ಮದುವೆಯಾಗಿ ಆ ಮನೆಗೆ ಬಂದವರು ಅಂತ ವಂಶವೃಕ್ಷದಲ್ಲಿ ಗೆರೆ ಎಳೆದೆ. ಎರಡು ವಾರ ಆ ಗೆರೆಯ ಮೇಲೆಯೇ ಕೆಲಸ ಮಾಡಿದೆ. ಯಾವುದೂ ಹೊಂದುತ್ತಿರಲಿಲ್ಲ. ಅಳಿಯಸಂತಾನದ ಮನೆಯಲ್ಲಿ ಹುಟ್ಟಿದ ನನಗೇ ಇದು ಹೊಳೆಯಬೇಕಿತ್ತು. ಇಲ್ಲಿ ಅಳಿಯ ಅಂದರೆ ಅಕ್ಕತಂಗಿಯರ ಮಗ. ಆಸ್ತಿ, ಯಜಮಾನಿಕೆ ಮಾವನಿಂದ ಅಳಿಯನಿಗೆ ಬರುವಾಗ, ಕಾಗದದಲ್ಲೂ ತಂದೆಯ ಹೆಸರಿನ ಬದಲು ಮಾವನ ಹೆಸರು ಬರುತ್ತದೆ. ಗೆರೆ ಅಳಿಸಿ ಮತ್ತೆ ಎಳೆದಾಗ ಎಲ್ಲ ಸರಿಯಾಗಿ ಕೂತಿತು. ದೊಡ್ಡಜ್ಜನ ಮಾವ, ಆ ಮಾವನ ಅಕ್ಕ, ಅವರ ಮಗಳು, ಅಲ್ಲಿಂದ ನನ್ನ ಅಜ್ಜಿ.

ಎರಡನೆಯ ತಪ್ಪು ಇನ್ನೂ ಸಣ್ಣದು, ಆದರೆ ಇಡೀ ಕಥೆ ಅದರಲ್ಲೇ ಇತ್ತು. ಚೀಟಿಯ ಕೆಳಗಿನ ಭಾಗದಲ್ಲಿ ಮರಗಳ ಬಗ್ಗೆ ಒಂದು ಸಾಲು. "ಸದ್ರಿ ಸ್ಥಳದ ತೆಂಗು ತಾಳೆ ಮರಗಳ ಮೂ" ಅಂತ ಬಂದು, ಅಲ್ಲಿ ಸರಿಯಾಗಿ ಮಡಿಕೆ. ಮಡಿಕೆಯಲ್ಲಿ ಒಂದು ಅಕ್ಷರದಷ್ಟು ಕಾಗದವೇ ಇಲ್ಲ. ಆಚೆ ದಡದಲ್ಲಿ ೯ ಥರ ಒಂದು ಗುರುತು, ಆಮೇಲೆ "ಮಾಡಿ". ನಾನು ಅದನ್ನು "ಮೂಲಿ ೯" ಅಂತ ಓದಿದೆ. ಮೂಲಿ ಅಂದರೆ ಒಡೆತನದ ಭೂಮಿ. ಹಾಗಿದ್ದರೆ ನಮ್ಮವರು ಬರೀ ಗೇಣಿಯವರಲ್ಲ, ಅವರಿಗೂ ಸ್ವಂತ ಭೂಮಿ ಇತ್ತು, ಒಂಬತ್ತು ತುಂಡು! ಸಂಭ್ರಮದಿಂದ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ಖುಷಿಪಟ್ಟರು.

ಆದರೆ ಆ "ಮಾಡಿ" ನನ್ನನ್ನು ಬಿಡಲಿಲ್ಲ. ಒಂಬತ್ತು ಮೂಲಿ "ಮಾಡುವುದು" ಅಂದರೆ ಏನು? ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಕಾಗದಕ್ಕೆ ಅಡ್ಡಲಾಗಿ, ಮೇಜಿನ ಮಟ್ಟಕ್ಕೆ ಹಿಡಿದೆ. ಹೀಗೆ ಹಿಡಿದರೆ ಲೆಕ್ಕಣಿಕೆ ಒತ್ತಿದ ಗೀರು ನೆರಳಾಗಿ ಕಾಣುತ್ತದೆ. ಮಡಿಕೆಯ ಅಂಚಿನಲ್ಲಿ ಅಕ್ಷರದ ತಲೆಕಟ್ಟಿನ ಚೂರು ಉಳಿದಿತ್ತು. ಅದು "ಲಿ"ಯ ದುಂಡು ಗುಡಿಸು ಅಲ್ಲ, ಎತ್ವದ ಕೊಂಡಿ. ಆಗ ಆ ೯ ಏನು ಅಂತ ಹೊಳೆಯಿತು. ಅದು ಒಂಬತ್ತು ಅಲ್ಲ. ಅರ್ಕಾವತ್ತು. ಹಳಬರು ಬರೆಯುವಂತೆ, ಅಕ್ಷರದ ಬಲಕ್ಕೆ ಕೂರಿಸಿದ ಅರ್ಕಾವತ್ತು.

ಮೂರ್ತೆ. "ತೆಂಗು ತಾಳೆ ಮರಗಳ ಮೂರ್ತೆ ಮಾಡಿ".

ಅಂದರೆ ದೊಡ್ಡಜ್ಜ ಮರ ಹತ್ತಿ ಶೇಂದಿ ಇಳಿಸುತ್ತಿದ್ದರು. ಪಕ್ಕಕ್ಕಿಟ್ಟಿದ್ದ ಕತ್ತಿಯನ್ನು ಆ ರಾತ್ರಿಯೇ ತಂದು ಕಾಗದದ ಪಕ್ಕ ಇಟ್ಟೆ.

ವಾಟ್ಸಾಪಿನಲ್ಲಿ ತಿದ್ದುಪಡಿ ಹಾಕಿದಾಗ ಒಬ್ಬಿಬ್ಬರಿಗೆ ಬೇಸರ ಆಯಿತು. ನನಗೆ ಆಗಲಿಲ್ಲ. ನಾವು ಬಿಲ್ಲವರು. ಈ ಕರಾವಳಿಯಲ್ಲಿ ಎಷ್ಟೋ ಮನೆಗಳು ನಿಂತದ್ದು ಮರ ಹತ್ತುವಾಗ ಕಾಲಿಗೆ ಹಾಕುವ ಆ ತಳೆ, ಕತ್ತಿಗಳ ಮೇಲೆ. ಎಪ್ಪತ್ತು ಅಡಿ ಎತ್ತರಕ್ಕೆ ದಿನಕ್ಕೆ ಎರಡು ಸಲ, ಎಷ್ಟೋ ಮರ. ಅದನ್ನು ಮರೆತು ಇಲ್ಲದ ಮೂಲಿ ಹೇಳಿಕೊಳ್ಳುವುದು ಅವರಿಗೆ ಮಾಡುವ ಅನ್ಯಾಯ ಅಂತ ನನಗೆ ಅನಿಸುತ್ತದೆ.

ಆಗಸ್ಟ್: ಶಾಲೆಯ ದಾಖಲಾತಿ ಪುಸ್ತಕ

ಹಳೆ ಸರಕಾರಿ ಕಾಗದ ಅಂದರೆ ತಾಲೂಕು ಆಫೀಸ್ ಮಾತ್ರ ಅಂತ ಅಂದುಕೊಳ್ಳುತ್ತೇವೆ. ಕೆಲಸ, ಉದ್ಯೋಗ ಹುಡುಕುವವರಿಗೆ ನಾನು ಮೊದಲು ಹೇಳುವುದು ಊರಿನ ಪ್ರಾಥಮಿಕ ಶಾಲೆ. ಮಗುವನ್ನು ಸೇರಿಸುವಾಗ ಬರೆಯುವ ಅಡ್ಮಿಷನ್ ರಿಜಿಸ್ಟರಿನಲ್ಲಿ ರಕ್ಷಕರ ಹೆಸರು, ಅವರ ಉದ್ಯೋಗ, ವಾಸ ಎಲ್ಲ ಇರುತ್ತದೆ. ಹುಟ್ಟಿದ ತಾರೀಕನ್ನು ಜಾಸ್ತಿ ನಂಬಬೇಡಿ. ಎಷ್ಟೋ ಸಲ ಮೇಷ್ಟ್ರು ಅಂದಾಜಿನಲ್ಲಿ ಹಾಕಿದ್ದು.

ನಾನು ಒಂದು ಅರ್ಜಿ ಬರೆದು, ನನ್ನ ಆಧಾರ್ ಪ್ರತಿ, ವಂಶವೃಕ್ಷದ ಕೈಬರಹ ಹಿಡಿದುಕೊಂಡು ಹೋದೆ. ಮುಖ್ಯೋಪಾಧ್ಯಾಯಿನಿಯವರು ಪುಸ್ತಕ ತೆಗೆದುಕೊಟ್ಟರು, ತಾವೂ ಪಕ್ಕದಲ್ಲಿ ಕೂತರು. ಬೇರೆಯವರ ಸಾಲುಗಳು ಫೋಟೋದಲ್ಲಿ ಬರದಂತೆ ಮೇಲೆ ಕೆಳಗೆ ಬಿಳಿ ಹಾಳೆ ಮುಚ್ಚಿಕೊಂಡು ನಮ್ಮ ಸಾಲಿನ ಫೋಟೋ ಮಾತ್ರ ತೆಗೆದೆ. ಇದು ಬರೀ ಮರ್ಯಾದೆ ಅಲ್ಲ, ಮುಂದಿನವರಿಗೂ ಪುಸ್ತಕ ಕೊಡಬೇಕು ಅಂದರೆ ಹೀಗೇ ನಡೆದುಕೊಳ್ಳಬೇಕು.

ಎರಡು ಸಾಲು ಸಿಕ್ಕಿತು. 1938ರಲ್ಲಿ ಅಜ್ಜಿಯ ಅಣ್ಣ ಸೇರಿದ್ದು. 1949ರಲ್ಲಿ ಚಿಕ್ಕಜ್ಜಿ ಸೇರಿದ್ದು. ಎರಡರಲ್ಲೂ ರಕ್ಷಕರು ದೊಡ್ಡಜ್ಜ, ಸೋದರಮಾವ ಅಂತಲೇ ಬರೆದಿದೆ. ತಂದೆ ಬದುಕಿದ್ದರೂ!

1938ರಲ್ಲಿ ಉದ್ಯೋಗ: ಕೂಲಿ.
1949ರಲ್ಲಿ ಉದ್ಯೋಗ: ಹಂಚಿನ ಕಾರ್ಖಾನೆ.

"ಮೂರ್ತೆ" ಎಂಬ ಪದ ಎರಡರಲ್ಲೂ ಇಲ್ಲ. 1938ರಲ್ಲಿ ಅವರು ಖಂಡಿತ ಮೂರ್ತೆ ಮಾಡುತ್ತಿದ್ದರು, ಆ ವರ್ಷದ ಆಸುಪಾಸಿನ ಗೇಣಿ ರಶೀದಿಗಳಲ್ಲಿ ಮರದ ಬಾಬ್ತು ಎಂದು ಬೇರೆ ಹಣ ಕಟ್ಟಿದ ಲೆಕ್ಕ ಇದೆ. ಆದರೂ ಪುಸ್ತಕದಲ್ಲಿ ಕೂಲಿ. ಬರೆದ ಮೇಷ್ಟ್ರಿಗೆ ಹೊಲ ಇಲ್ಲದವನೆಲ್ಲ ಕೂಲಿಯೋ, ಅಥವಾ ದೊಡ್ಡಜ್ಜನೇ ಶಾಲೆಯ ಬಾಗಿಲಲ್ಲಿ ನಿಂತು ಶೇಂದಿಯ ಮಾತು ಬೇಡ ಅಂದುಕೊಂಡರೋ. ಆ ಪುಟವನ್ನು ತುಂಬ ಹೊತ್ತು ನೋಡುತ್ತಾ ಕೂತಿದ್ದೆ.

11 ವರ್ಷದಲ್ಲಿ ಕೆಲಸ ಬದಲಾದದ್ದು ಯಾಕೆ? ನಾನು ಮೊದಲು ಬರೆದುಕೊಂಡದ್ದು "ಒಳ್ಳೆ ಕೆಲಸ ಸಿಕ್ಕಿತು" ಅಂತ. ಹಂಚಿನ ಕಾರ್ಖಾನೆ ಅಂದರೆ ಮಂಗಳೂರಿನಲ್ಲಿ ಆಗ ಸಣ್ಣ ಮಾತಲ್ಲ. ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ 1865ರಲ್ಲಿ ಮೊದಲ ಕಾರ್ಖಾನೆ ಹಾಕಿದ ಮೇಲೆ ನೇತ್ರಾವತಿ, ಗುರುಪುರ ಎರಡೂ ಹೊಳೆ ಬದಿಯಲ್ಲಿ ಹಂಚಿನ ಚಿಮಣಿಗಳು ಎದ್ದಿದ್ದವು. ಹೊಳೆಯ ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಹಂಚು ಹಡಗು ಹತ್ತಿ ದೂರದೂರಿಗೆ ಹೋಗುತ್ತಿತ್ತು.

ಆದರೆ ಇಸವಿ ಪಕ್ಕದಲ್ಲಿ ಇಸವಿ ಇಟ್ಟು ನೋಡಿದಾಗ ಬೇರೆಯೇ ಕಾಣಿಸಿತು. ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಮದ್ರಾಸ್ ಪ್ರಾಂತ್ಯದಲ್ಲಿ ಜಿಲ್ಲೆ ಜಿಲ್ಲೆಯಾಗಿ ಪಾನನಿರೋಧ ತಂದು, 1948ರ ಹೊತ್ತಿಗೆ ಪೂರ್ತಿ ಮಾಡಿದರು. ದೊಡ್ಡಜ್ಜ ಮರ ಬಿಟ್ಟದ್ದಲ್ಲ. ಮರ ಹತ್ತಬಾರದು ಅಂತ ಆಯಿತು.

ಇದು ಊಹೆ. ಊಹೆ ಅಂತಲೇ ಬರೆದಿಟ್ಟೆ. ಕೇಳಲು ಚಿಕ್ಕಜ್ಜಿ ಇದ್ದರು, ಆದರೆ ಕಾಗದದ ಕೆಲಸ ಮುಗಿಸಿಯೇ ಹೋಗೋಣ ಅಂದುಕೊಂಡೆ. ಮೊದಲೇ ಕೇಳಿದರೆ ಅವರು ಹೇಳಿದ್ದನ್ನೇ ನಾನು ಕಾಗದದಲ್ಲಿ ಹುಡುಕುತ್ತೇನೆ, ಅದು ಬೇಡ.

ಇಲ್ಲಿ ಒಂದು ಮಾತು. ನನ್ನ ಆಫೀಸಿನ ಕ್ಯಾಥೊಲಿಕ್ ಗೆಳೆಯರೊಬ್ಬರು ಇದೇ ಕೆಲಸ ಶುರು ಮಾಡಿದ್ದಾರೆ. ಅವರಿಗೆ ಇಗರ್ಜಿಯ (ಚರ್ಚಿನ) ಪುಸ್ತಕ ಇದೆ, ಜ್ಞಾನಸ್ನಾನ, ಮದುವೆ, ಮರಣ ಮೂರೂ. ಬಾಸೆಲ್ ಮಿಷನ್ ಸಭೆಯವರಿಗೂ ಹಾಗೆ, ಜೊತೆಗೆ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲಿ ಹಳೆ ಸಂಗ್ರಹ ಇದೆ. ನಮ್ಮಂಥವರಿಗೆ ಹುಟ್ಟು ಸಾವಿನ ಪುಸ್ತಕಕ್ಕಿಂತ ಭೂಮಿಯ ಕಾಗದವೇ ಆಧಾರ. ಉಡುಪಿ, ಕುಂದಾಪುರ, ಕಾರ್ಕಳದವರೂ ನೆನಪಿಡಿ, 1997ರವರೆಗೆ ಎಲ್ಲ ಒಂದೇ ಜಿಲ್ಲೆ. ಹಳೆ ಕಾಗದದ ತಲೆಯಲ್ಲಿ ಉಡುಪಿ ಜಿಲ್ಲೆ ಅಂತ ಹುಡುಕಿದರೆ ಸಿಗುವುದಿಲ್ಲ.

ಸೆಪ್ಟೆಂಬರ್: ಭೂಸ್ವಾಧೀನದ ಕಡತ

ಬೇರೆ ಊರಿನವರಿಗೆ 1974ರ ಭೂಸುಧಾರಣೆಯ ಡಿಕ್ಲರೇಶನ್ ದೊಡ್ಡ ನಿಧಿ. ಫಾರ್ಮ್ 7 ಹಾಕುವಾಗ ಒಕ್ಕಲು ತಾನು ಎಷ್ಟು ವರ್ಷದಿಂದ ಗೇಣಿ ಮಾಡುತ್ತಿದ್ದೇನೆ ಅಂತ ಹೇಳಿಕೆ ಕೊಟ್ಟಿರುತ್ತಾರೆ. ಭೂನ್ಯಾಯ ಮಂಡಳಿಯ ಕಡತದಲ್ಲಿ ಅದು ಸಿಗುತ್ತದೆ. ನಮಗೆ ಅದಿಲ್ಲ. ಆ ಕಾನೂನು ಬರುವ ಮೊದಲೇ ನಮ್ಮ ಭೂಮಿ ಬಂದರಿಗೆ ಹೋಗಿತ್ತು.

ಆದರೆ ಭೂಮಿ ತೆಗೆದುಕೊಂಡವರು ಪಟ್ಟಿ ಮಾಡದೆ ತೆಗೆದುಕೊಳ್ಳುವುದಿಲ್ಲ, ಅಲ್ವಾ? 1894ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪರಿಹಾರ ನಿಗದಿ ಮಾಡಿ ಅವಾರ್ಡ್ ಬರೆಯಬೇಕಿತ್ತು. ನೆಲಕ್ಕೆ ಎಷ್ಟು, ಮರಕ್ಕೆ ಎಷ್ಟು, ಕಟ್ಟಡಕ್ಕೆ ಎಷ್ಟು, ಅದರಲ್ಲಿ ಧಣಿಗೆ ಎಷ್ಟು, ಗೇಣಿಯವನಿಗೆ ಎಷ್ಟು.

ಮೊದಲು ಹೋದ ಕಚೇರಿಯಲ್ಲಿ ಅಂಥ ಕಡತ ಇಲ್ಲ ಅಂದರು. ಮೂರು ಸಲ ಹೋದೆ, ಮೂರು ಸಲವೂ ಅದೇ ಉತ್ತರ, ಬಾಯಿಮಾತಿನಲ್ಲಿ. ಆಮೇಲೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು. 30 ದಿನದ ಒಳಗೆ ಬರಹದಲ್ಲಿ ಉತ್ತರ ಕೊಡಬೇಕು. ಅರ್ಜಿಯಲ್ಲಿ "ನಮ್ಮ ಅಜ್ಜನ ಕಾಗದ ಕೊಡಿ" ಅಂತ ಬರೆದರೆ ಆಗುವುದಿಲ್ಲ. ಗ್ರಾಮ, ಹಳೆ ಸರ್ವೆ ನಂಬ್ರ, ಯಾವ ಉದ್ದೇಶಕ್ಕೆ ಸ್ವಾಧೀನ, ಬೇಕಾದದ್ದು ಅವಾರ್ಡಿನ ಯಾವ ಭಾಗ ಎಂದು ಬಿಡಿಸಿ ಬರೆಯಿರಿ. ಸರ್ವೆ ನಂಬ್ರ ನನಗೆ ಸಿಕ್ಕಿದ್ದು ಗೇಣಿ ರಶೀದಿಯ ಮೂಲೆಯಲ್ಲಿ. ಇಪ್ಪತ್ತೆಂಟನೇ ದಿನ ಪತ್ರ ಬಂತು, ಬಂದು ನೋಡಿ ಪ್ರತಿ ತೆಗೆದುಕೊಳ್ಳಿ ಅಂತ.

ನಾಲ್ಕು ಪುಟ. ದೊಡ್ಡಜ್ಜನ ಹೆಸರಿನ ಮುಂದೆ "ಚಾಲಗೇಣಿ ಒಕ್ಕಲು". ಮಾವ ಹೇಳಿದ ಮಾತು ಇಲ್ಲಿಂದಲೇ ಬಂದಿರಬೇಕು. ಕಡತಕ್ಕೆ ಬೇಕಾದದ್ದು ಅವರಿಗೂ ಆ ನೆಲಕ್ಕೂ ಏನು ಸಂಬಂಧ ಅನ್ನುವುದಷ್ಟೆ. ಹಗಲಿಡೀ ಎಲ್ಲಿ ದುಡಿಯುತ್ತಿದ್ದರು ಅಂತ ಅದು ಕೇಳಲೇ ಇಲ್ಲ.

ನಿಜವಾದ ಸಂಗತಿ ಇದ್ದದ್ದು ಮೂರನೇ ಪುಟದ ಪಟ್ಟಿಯಲ್ಲಿ. ತೆಂಗು 31. ತಾಳೆ 14. ಹಲಸು 3. ಮಾವು 2. ಕಲ್ಲು ಕಟ್ಟಿದ ಬಾವಿ 1. ಹಂಚಿನ ಮಾಡಿನ ಮಣ್ಣಿನ ಮನೆ 1. ದನದ ಹಟ್ಟಿ 1. ಕೊನೆಗೆ "ಒಲೆ ಸಹಿತ ಹುಲ್ಲಿನ ಕೊಟ್ಟಿಗೆ 1".

ಗದ್ದೆ ಮಾಡುವವನಿಗೆ 14 ತಾಳೆ ಮರ ಯಾಕೆ ಅಂತ ಈಗ ಗೊತ್ತಿತ್ತು. ಆದರೆ ಆ ಕೊಟ್ಟಿಗೆ? ಅಡುಗೆಯ ಒಲೆ ಮನೆಯ ಒಳಗೇ ಇರುತ್ತದೆ. ಬಚ್ಚಲ ಒಲೆಗೆ ಯಾರೂ ಬೇರೆ ಕೊಟ್ಟಿಗೆ ಕಟ್ಟಿ ಪರಿಹಾರದ ಪಟ್ಟಿಯಲ್ಲಿ ಬರೆಸುವುದಿಲ್ಲ. ಸುತ್ತಲೂ ಗೆರೆ ಎಳೆದು ಪ್ರಶ್ನೆಚಿಹ್ನೆ ಹಾಕಿದೆ.

ಮರಣದ ದಾಖಲೆಯೂ ಸಿಕ್ಕಿತು. ಉದ್ಯೋಗದ ಕಾಲಮ್ಮಿನಲ್ಲಿ "ಇಲ್ಲ".

ಅಕ್ಟೋಬರ್: ಚಿಕ್ಕಜ್ಜಿ

ಚಿಕ್ಕಜ್ಜಿಗೆ 80 ದಾಟಿದೆ. ಕಿವಿ ಸ್ವಲ್ಪ ಮಂದ, ನೆನಪು ಮಂದ ಅಲ್ಲ. ಮಾತೆಲ್ಲ ತುಳುವಿನಲ್ಲೇ ಆದದ್ದು, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಫೋನಿನಲ್ಲಿ ರೆಕಾರ್ಡ್ ಮಾಡಲೇ ಅಂತ ಕೇಳಿದೆ. "ಮಾಡು ಮಗಾ, ನಾನೇನು ಸುಳ್ಳು ಹೇಳ್ತೇನಾ" ಅಂದರು.

"ನಿಮ್ಮ ಮಾವ ಏನು ಕೆಲಸ ಮಾಡುತ್ತಿದ್ದರು" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಒಂದು ಪದದ ಉತ್ತರ ಬರುತ್ತದೆ. ಕತ್ತಿಯನ್ನು ಅವರ ಕೈಯಲ್ಲಿಟ್ಟೆ. ಅವರು ಹೆಬ್ಬೆರಳಿನಿಂದ ಬಾಯಿ ಸವರಿ ನೋಡಿದರು. "ಇದರ ಹಿಡಿ ಕೊಂಬಿನದ್ದು. ಇದನ್ನು ಯಾರೂ ಮುಟ್ಟಬಾರದಿತ್ತು. ಮರಕ್ಕೆ ಹತ್ತುವುದು ನಿಂತ ಮೇಲೂ ಮಾವ ಇದನ್ನು ಮಸೆದು ಇಡುತ್ತಿದ್ದರು."

ಯಾಕೆ ನಿಂತಿತು?

"ಸರಕಾರದವರು ಬೇಡ ಅಂದರಂತೆ. ಆಗ ನಾನು ಸಣ್ಣವಳು. ನಮ್ಮ ಕೇರಿಯ ಗಂಡಸರೆಲ್ಲ ಒಟ್ಟಿಗೆ ಕೆಲಸ ಹುಡುಕಲು ಹೋದರಂತೆ. ಮಾವ ಕೂಳೂರಿನಲ್ಲಿ ದೋಣಿ ದಾಟಿ ಓಡಿನ (ಹಂಚಿನ) ಫ್ಯಾಕ್ಟರಿಗೆ ಹೋಗುತ್ತಿದ್ದರು. ಕಿರಿ ಮಾವ ಮುಂಬಯಿಗೆ ಹೋದರು, ಹೋಟೆಲಿಗೆ." ಮನಿಯಾರ್ಡರ್ ಕೂಪನ್ ಎಲ್ಲಿಂದ ಬಂತು ಅಂತ ಅಲ್ಲಿಗೆ ಗೊತ್ತಾಯಿತು.

ಫ್ಯಾಕ್ಟರಿಯಲ್ಲಿ ಅವರದು ಯಾವ ಕೆಲಸ ಅಂತ ಯಾವ ಕಾಗದದಲ್ಲೂ ಇರಲಿಲ್ಲ. ಚಿಕ್ಕಜ್ಜಿಗೂ ಗೊತ್ತಿಲ್ಲ. ಆದರೆ ಸಂಜೆ ಬಂದಾಗ ಹೇಗಿರುತ್ತಿದ್ದರು ಅಂತ ಕೇಳಿದಾಗ ಹೇಳಿದರು: "ಮೊಣಕಾಲಿನವರೆಗೆ ಬೂದಿ ಬಣ್ಣದ ಮಣ್ಣು ಒಣಗಿರುತ್ತಿತ್ತು. ಬಾವಿಕಟ್ಟೆಯಲ್ಲಿ ಕೂತರೆ ನಾನು ಉಗುರಲ್ಲಿ ಕೆರೆದು ತೆಗೆಯುತ್ತಿದ್ದೆ."

ಕೆಂಪಲ್ಲ, ಬೂದಿ. ಹಂಚು ಕೆಂಪಾಗುವುದು ಸುಟ್ಟ ಮೇಲೆ, ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಬೆಂಕಿಯಲ್ಲಿ ಬಣ್ಣ ತಿರುಗಿದಾಗ. ಅಂದರೆ ದೊಡ್ಡಜ್ಜ ಇದ್ದದ್ದು ಭಟ್ಟಿಯ ಕಡೆ ಅಲ್ಲ, ಹಸಿ ಮಣ್ಣಿನ ಕಡೆ. ತುಳಿಯುವುದೋ, ಕಲಸುವುದೋ, ಹೊರುವುದೋ. ಅಷ್ಟು ವರ್ಷ ಮರದ ತುದಿಯಲ್ಲಿದ್ದ ಕಾಲು ಆಮೇಲೆ ಕೆಸರಿನಲ್ಲಿ.

ಆಮೇಲೆ ಪಟ್ಟಿ ಓದಿ ಹೇಳಿದೆ. ತೆಂಗು 31 ಅಂದಾಗ ತಲೆಯಾಡಿಸಿದರು. ಹಲಸು 3 ಅಂದಾಗ, "ಅದರಲ್ಲಿ ಒಂದು ತುಳುವೆ, ಎರಡು ಬಕ್ಕೆ" ಅಂದರು. ಒಲೆ ಸಹಿತ ಕೊಟ್ಟಿಗೆ ಅಂದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಅದು ಅಮ್ಮನ ಕೊಟ್ಟಿಗೆ."

ಮಡಕೆಗೆ ಸುಣ್ಣ ಬಳಿದು ಇಳಿಸಿದರೆ ಹುಳಿಯಾಗದ ಸಿಹಿ ರಸ ಬರುತ್ತದೆ. ಅದನ್ನು ಅವರ ಅಮ್ಮ, ದೊಡ್ಡಜ್ಜನ ತಂಗಿ, ಆ ಕೊಟ್ಟಿಗೆಯಲ್ಲಿ ಕಾಯಿಸಿ ಓಲೆಬೆಲ್ಲ ಮಾಡುತ್ತಿದ್ದರು. ಬೆಳಗಿನ ಜಾವ ಒಲೆ ಹೊತ್ತಿಸಿದರೆ ಮಧ್ಯಾಹ್ನದವರೆಗೆ ಕೈ ಬಿಡದೆ ತಿರುವಬೇಕು. ಹದ ತಪ್ಪಿದರೆ ಅಂಟಾಗುತ್ತದೆ, ಅಥವಾ ಸೀದು ಹೋಗುತ್ತದೆ. ಇದೆಲ್ಲ ಚಿಕ್ಕಜ್ಜಿ ಕೇಳಿ ತಿಳಿದದ್ದು. ಅವರ ಸ್ವಂತ ನೆನಪು ಒಲೆ ಆರಿದ ಮೇಲಿನದ್ದು. ಕಣ್ಣಾಮುಚ್ಚಾಲೆ ಆಡುವಾಗ ಆ ಕೊಟ್ಟಿಗೆಯಲ್ಲಿ ಅಡಗಿ ಕೂರುತ್ತಿದ್ದರಂತೆ. "ಮಳೆ ಬಂದರೆ ಗೋಡೆಯಿಂದ ಬೆಲ್ಲದ ವಾಸನೆ ಬರುತ್ತಿತ್ತು. ನಾಲಗೆ ಇಟ್ಟು ನೋಡಿದ್ದೇನೆ, ಬರೀ ಮಸಿ."

ನಾನು ಐದು ತಿಂಗಳು ಒಬ್ಬ ಗಂಡಸಿನ ಉದ್ಯೋಗ ಹುಡುಕುತ್ತಿದ್ದೆ. ಅದೇ ಮರದಿಂದ ಬದುಕಿದ ಹೆಂಗಸಿನ ಕೆಲಸಕ್ಕೆ ಯಾವ ಪುಸ್ತಕದಲ್ಲೂ ಕಾಲಮ್ ಇರಲಿಲ್ಲ. ಯಾರೋ ಒಬ್ಬ ಗುಮಾಸ್ತ ಬಿಡದೆ ಎಣಿಸಿದ್ದರಿಂದ ಅವರ ಒಲೆ ಮಾತ್ರ ಪಟ್ಟಿಗೆ ಬಂತು.

ಹಂಚಿನ ಬಗ್ಗೆಯೂ ಹೇಳಬೇಕು. ಮನೆ ಬಿಡುವ ದಿನ ಚಿಕ್ಕಜ್ಜಿಯೇ ಮಾಡಿನಿಂದ ತೆಗೆಸಿ ತಂದದ್ದು. ಹಿಂಬದಿಯಲ್ಲಿ ಕಾರ್ಖಾನೆಯ ಹೆಸರಿನ ಅಚ್ಚು ಇದೆ. ತೆಂಗಿನ ನಾರಿನಿಂದ ಪಾಚಿ ಉಜ್ಜಿ ತೆಗೆದು, ತೆಳು ಕಾಗದ ಹಾಸಿ, ಪೆನ್ಸಿಲ್ ಮಲಗಿಸಿ ಉಜ್ಜಿದಾಗ ಅಕ್ಷರ ಚೆನ್ನಾಗಿ ಮೂಡಿತು. ಅದೇ ಕಾರ್ಖಾನೆಯಲ್ಲಿ ದೊಡ್ಡಜ್ಜ ಇದ್ದರು ಅಂತ ಬರೆಯಲು ಕೈ ತುಡಿಯಿತು. ಬರೆಯಲಿಲ್ಲ. ಹಂಚನ್ನು ಯಾರು ಎಲ್ಲಿಂದಲೂ ಕೊಂಡುಕೊಳ್ಳಬಹುದು. ಅದು ಮನೆಯ ಮಾಡಿಗೆ ಸಾಕ್ಷಿ, ಸಂಬಳಕ್ಕಲ್ಲ.

ಈಗ ಇರುವ ಸ್ಥಿತಿ

ಎಲ್ಲವನ್ನೂ ಒಂದು ಎಕ್ಸೆಲ್ ಹಾಳೆಗೆ ಹಾಕಿದ್ದೇನೆ. ಪ್ರತಿ ಸಾಲಿನಲ್ಲಿ ಇಸವಿ, ಯಾವ ಕಾಗದ, ಬರೆದವರು ಯಾರು, ಅವರಿಗೆ ಬೇಕಾದದ್ದು ಏನು, ಅವರು ಬಳಸಿದ ಪದ. ನನ್ನ ಅನಿಸಿಕೆಗೆ ಕೊನೆಯಲ್ಲಿ ಬೇರೆ ಕಾಲಮ್, ಬೇರೆ ಬಣ್ಣ. "ಅವರಿಗೆ ಬೇಕಾದದ್ದು ಏನು" ಅನ್ನುವ ಕಾಲಮ್ ನಾನು ಸೆಪ್ಟೆಂಬರಿನಲ್ಲಿ ಸೇರಿಸಿದ್ದು. ಅದು ಬಂದ ಮೇಲೆಯೇ ಕೂಲಿ, ಕಾರ್ಖಾನೆ, ಒಕ್ಕಲು, ಇಲ್ಲ ಎಂಬ ನಾಲ್ಕು ಪದಗಳ ಜಗಳ ನಿಂತಿತು. ಧಣಿಗೆ ಬೇಕಾದದ್ದು ಅಕ್ಕಿ ಮತ್ತು ಮರದ ಹಣ, ಮೇಷ್ಟ್ರಿಗೆ ಒಂದು ಖಾಲಿ ಜಾಗ ತುಂಬುವುದು, ಸ್ವಾಧೀನದವರಿಗೆ ಪರಿಹಾರ ಯಾರಿಗೆ ಅಂತ.

ಹಾಳೆಯನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ದೀಪಾವಳಿಯ ಮೊದಲು ಚಿಕ್ಕಜ್ಜಿಗೆ ತೋರಿಸಿದೆ. ಸೈತಿನಕ್ಲೆ ಪರ್ಬದ ದಿನ ತೀರಿಹೋದವರಿಗೆ ಎಲೆ ಹಾಕುವಾಗ ಹೆಸರು ಹೇಳಲು ಸುಲಭ ಆಗಲಿ ಅಂತ. ಅವರು ಬೆರಳಿಟ್ಟು ಓದಿದರು. ಮೇಲೆ ದೊಡ್ಡಜ್ಜನ ಹೆಸರು, ಕೆಳಗೆ ಅವರ ಅಮ್ಮನದ್ದು. "ನಮ್ಮಲ್ಲಿ ಹೆಣ್ಣಿನಿಂದ ಅಲ್ವಾ ಕುಟುಂಬ. ಅಮ್ಮ ಯಾಕೆ ಕೆಳಗೆ?" ಅಂದರು. ಆ ಸಾಲನ್ನು ಮೇಲೆ ತಂದೆ. ಉದ್ಯೋಗದ ಜಾಗದಲ್ಲಿ ಓಲೆಬೆಲ್ಲ ಅಂತ ಬರೆದು, ಆಧಾರದ ಜಾಗದಲ್ಲಿ ಅವಾರ್ಡಿನ ಮೂರನೇ ಪುಟ, ಚಿಕ್ಕಜ್ಜಿಯ ಬಾಯಿಮಾತು, ರೆಕಾರ್ಡಿಂಗಿನ ತಾರೀಕು ಹಾಕಿದೆ.

ಲ್ಯಾಮಿನೇಶನ್ ಆಗದೆ ಉಳಿದ 14 ಗೇಣಿ ರಶೀದಿ ಒಂದೊಂದಾಗಿ ಬಟ್ಟೆಕಾಗದದ ಲಕೋಟೆಯಲ್ಲಿವೆ. ಗಾಳಿಯಲ್ಲಿ ಇನ್ನೂ ತೇವ ಇದೆ. ಡಿಸೆಂಬರ್ ಬರಲಿ, ಆಮೇಲೆ ತೆರೆಯುತ್ತೇನೆ.